ಆಶ್ವೀಜದ ಬಿಸಿಲಿಗೆ ಹಾಕುತ್ತಿದ್ದ ಪುಸ್ತಕಗಳು

ಮಳೆಗಾಲ ಮುಗಿದು ಆಶ್ವೀಜದ ಬಿಸಿಲು ಅಂಗಳಕ್ಕೆ ಬಿದ್ದ ಕೂಡಲೇ ನಮ್ಮ ಮನೆಯಲ್ಲಿ ಎರಡು ಸಾಮಾನು ಹೊರಗೆ ಬರುತ್ತಿದ್ದವು. ಒಂದು, ಬೂಸಲು ಹಿಡಿದ ಕಂಬಳಿಗಳು. ಇನ್ನೊಂದು, ಅಜ್ಜಯ್ಯನ ಹಲಸಿನ ಮರದ ಪೆಟ್ಟಿಗೆಯೊಳಗಿನ ಪುಸ್ತಕಗಳು. ರಿಪ್ಪನ್‌ಪೇಟೆ ಸೀಮೆಯ ಮಳೆಯಲ್ಲಿ ಕಾಗದ ಕಾಪಾಡುವುದು ಹಸುಗೂಸು ಸಾಕಿದ ಹಾಗೆ. ಪೆಟ್ಟಿಗೆ ಇರುತ್ತಿದ್ದದ್ದು ಅಡುಗೆಮನೆಯ ಮೇಲಿನ ಅಟ್ಟದಲ್ಲಿ, ಒಲೆಯ ಹೊಗೆ ತಾಗುವಲ್ಲಿ. ಪ್ರತಿ ಪುಸ್ತಕದ ನಡುವೆ ಒಂದೊಂದು ತುಂಡು ಬಜೆ ಬೇರು. ಹಾಳೆ ತಿರುವಿದರೆ ಬಜೆ, ಹೊಗೆ, ಹಳೇ ಅಂಟು ಮೂರೂ ಸೇರಿದ ವಾಸನೆ.

ಅವು ಕಥೆ ಪುಸ್ತಕಗಳಲ್ಲ. ಮೈಸೂರು ಪ್ರಜಾಪ್ರತಿನಿಧಿ ಸಭೆಯ ನಡವಳಿಗಳು. ಅಜ್ಜಯ್ಯನ ಅಪ್ಪನ ಕಾಲದಿಂದ ಅಲ್ಲೊಂದು ಇಲ್ಲೊಂದು ಕೂಡಿಟ್ಟದ್ದು. ಜಿಲ್ಲೆವಾರು, ತಾಲ್ಲೂಕುವಾರು ಅಹವಾಲುಗಳು: ರಸ್ತೆ, ಸಂಕ, ಮಲೆನಾಡಿನ ಜ್ವರ, ಸೊಪ್ಪಿನಬೆಟ್ಟ. ನಮ್ಮ ತಾಲ್ಲೂಕಿನ ಹೆಸರು ಹುಡುಕಿದರೆ ಸಿಗುತ್ತಿರಲಿಲ್ಲ. 1893ರಲ್ಲಿ ಕಚೇರಿ ಕಲ್ಲೂರುಕಟ್ಟೆಗೆ ಬಂದು ಆ ಊರು ಹೊಸನಗರವಾಗಿದ್ದರೂ ಅಚ್ಚಿನಲ್ಲಿ ಇನ್ನೂ ‘ನಗರ ತಾಲ್ಲೂಕು’. ನಾವಿರುವುದು ಎಲ್ಲಿ ಎಂದು ನಾನು ಕೇಳಿದರೆ ಅಜ್ಜಯ್ಯ ಬೆರಳಿಟ್ಟು ತೋರಿಸುತ್ತಿದ್ದರು.

ನಮ್ಮೂರಿಗೆ ವೈಸರಾಯ್ ರಿಪ್ಪನ್ ಹೆಸರು ಎಂಬುದು ಪೇಟೆಯಲ್ಲಿ ಎಲ್ಲರೂ ಹೇಳುವ ಮಾತು. ಆ ಹೆಸರಿಗೂ ಆ ಪೆಟ್ಟಿಗೆಗೂ ಇದ್ದ ನಂಟು ನನಗೆ ಹೊಳೆದದ್ದು ತೀರಾ ತಡವಾಗಿ. 1881ರ ಮಾರ್ಚ್ 25ರಂದು ಮೈಸೂರು ಸೀಮೆ ಚಾಮರಾಜೇಂದ್ರ ಒಡೆಯರ ಕೈಗೆ ಮರಳಿ ಬಂದಾಗ ವೈಸರಾಯ್ ಆಗಿದ್ದವನು ಇದೇ ರಿಪ್ಪನ್. ಅದೇ ವರ್ಷ ದಸರಾ ಹೊತ್ತಿಗೆ ದಿವಾನ್ ರಂಗಾಚಾರ್ಲು 144 ಜನರನ್ನು ಮೈಸೂರಿಗೆ ಕರೆಸಿ ಕೂರಿಸಿದ್ದೇ ಪ್ರಜಾಪ್ರತಿನಿಧಿ ಸಭೆ. ಹೇಳಬಹುದು, ಕೇಳಬಹುದು, ತೀರ್ಮಾನ ಮಾತ್ರ ಅರಮನೆಯದು. ಆದರೂ ಹೇಳಿದ್ದು ಅಚ್ಚಾಗುತ್ತಿತ್ತಲ್ಲ. ಅದು ಸಣ್ಣದೇನಲ್ಲ.

ಪೆಟ್ಟಿಗೆಯ ತಳದಲ್ಲಿದ್ದವು ಕೊನೆಯ ಕೆಲವು ಕಟ್ಟುಗಳು, ಮೈಸೂರಿನದೇ ಸಂವಿಧಾನ ಸಭೆಯವು. ದೆಹಲಿಯದು ಎಲ್ಲರಿಗೂ ಗೊತ್ತು. ಅಲ್ಲಿ ಮೈಸೂರಿನ ಪರವಾಗಿ ಕೂತವರಲ್ಲಿ ನಮ್ಮ ಶಿವಮೊಗ್ಗದ ಎಸ್.ವಿ. ಕೃಷ್ಣಮೂರ್ತಿ ರಾವ್ ಕೂಡ ಒಬ್ಬರು. ಅಲ್ಲಿನ ಚರ್ಚೆಯನ್ನು ಈಗ ಯಾರು ಬೇಕಾದರೂ ಫೋನಿನಲ್ಲೇ ಓದಬಹುದು. ಮೈಸೂರಿಗೇ ಒಂದು ಸಂವಿಧಾನ ಬರೆಯಲು ಇನ್ನೊಂದು ಸಭೆ ಕೂತಿತ್ತು ಎಂದರೆ ಮೇಷ್ಟರುಗಳೂ ಹುಬ್ಬೇರಿಸುತ್ತಾರೆ. 1947ರ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಚಳವಳಿ ನಡೆದು, ಅಕ್ಟೋಬರಿನಲ್ಲಿ ಚೆಂಗಲರಾಯ ರೆಡ್ಡಿ ಸರ್ಕಾರ ಬಂದಮೇಲಿನ ಕಥೆ ಅದು. ಬರೆಯಲು ಕೂತವರು ಕೊನೆಗೆ ಭಾರತದ ಸಂವಿಧಾನವೇ ನಮಗೂ ಸಾಕು ಎಂದರು. 1949ರ ನವೆಂಬರ್ 25ರಂದು ಜಯಚಾಮರಾಜ ಒಡೆಯರು ಹಾಗೆಂದು ಘೋಷಣೆ ಹೊರಡಿಸಿದರು. ಡಿಸೆಂಬರ್ 16ಕ್ಕೆ ಹಳೆಯ ಪ್ರಜಾಪ್ರತಿನಿಧಿ ಸಭೆಯೂ ಮುಗಿಯಿತು.

“ಮನೆ ಕಟ್ಟಕ್ಕೆ ಹೊರಟು, ಪಕ್ಕದ ದೊಡ್ಡ ಮನೇಲೆ ಜಾಗ ಸಿಕ್ತು ಅಂತ ಕೈ ತೊಳ್ಕಂಡ್ರು ಕಣಾ,” ಎನ್ನುತ್ತಿದ್ದರು ಅಜ್ಜಯ್ಯ. ಬೇಸರವೋ ತಮಾಷೆಯೋ ಗೊತ್ತಾಗುತ್ತಿರಲಿಲ್ಲ.

ಸಂವಿಧಾನ ಬರೆಯದ ಆ ಸಭೆಯೇ 1952ರ ಚುನಾವಣೆಯವರೆಗೆ ಮೈಸೂರಿನ ಶಾಸನಸಭೆಯಾಗಿ ಮುಂದುವರಿಯಿತು. ಅಂದರೆ 1951ರ ಏಪ್ರಿಲಿನಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕಿಳಿದಾಗ ರಾಜ್ಯದಲ್ಲಿದ್ದದ್ದು ಅದೇ ಸಭೆ. ಜಮೀನಿನ ಒಡೆಯರ ಮನೆಯಲ್ಲಿ ಗೇಣಿ ಅಳೆಯುವ ಕೊಳಗ ಅಳತೆಗಿಂತ ದೊಡ್ಡದು ಎಂಬಲ್ಲಿಂದ ಎದ್ದ ತಕರಾರು ಸಮಾಜವಾದಿ ನಾಯಕ ಲೋಹಿಯಾ ಬಂದು ಸಾಗರದಲ್ಲಿ ಬಂಧನಕ್ಕೊಳಗಾಗುವವರೆಗೆ ಬೆಳೆಯಿತು. ಮರುವರ್ಷ ಶಾಂತವೇರಿ ಗೋಪಾಲಗೌಡರು ಇಲ್ಲಿಂದಲೇ ಗೆದ್ದು ಶಾಸನಸಭೆಗೆ ಹೋದರು.

ನಮ್ಮದೂ ಗೇಣಿ ಅಳೆಸಿಕೊಳ್ಳುತ್ತಿದ್ದ ಮನೆಯೇ. ಜಗಲಿಯ ಮೂಲೆಯಲ್ಲಿ ಕೊಳಗ ಬೋರಲು ಬಿದ್ದಿರುತ್ತಿತ್ತು. ಆದರೆ ಆ ಕಟ್ಟುಗಳಲ್ಲಿ ‘ಗೇಣಿ’ ಎಂಬ ಮಾತು ಬಂದಲ್ಲೆಲ್ಲ ಅಜ್ಜಯ್ಯ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ಒಂದು ಕಡೆ, ಹಾಳೆಯ ಅಂಚಿನಲ್ಲಿ, ಮೋಡಿಯ ಹಾಗೆ ಬಾಗಿದ ಅಕ್ಷರದಲ್ಲಿ: ‘ಕೊಳಗ ಎಷ್ಟು ಸೇರಿನದು?’ ಯಾರನ್ನು ಕೇಳಿದ್ದೋ? ಸಭೆಯವರನ್ನೋ, ತಮ್ಮನ್ನೇ ತಾವೋ? ನಾನಾಗ ಬಿಸಿಲಿಗೆ ಹರಡಿದ ಪುಸ್ತಕಗಳ ಹತ್ತಿರ ಕೋಳಿ ಸುಳಿಯದ ಹಾಗೆ ಕೋಲು ಹಿಡಿದು ಕೂತ ಹುಡುಗ. ಕೇಳಬೇಕು ಎಂದು ಹೊಳೆಯಲಿಲ್ಲ.

ಅಜ್ಜಯ್ಯ ಹೋದಮೇಲೆ ಮನೆ ಪಾಲಾಯಿತು. ತಾರಸಿ ಮನೆಗೆ ಅಟ್ಟವಿಲ್ಲ, ಗ್ಯಾಸ್ ಒಲೆಗೆ ಹೊಗೆಯಿಲ್ಲ. ಪೆಟ್ಟಿಗೆ ಕೊಟ್ಟಿಗೆಯ ಮಾಳಿಗೆ ಸೇರಿತು. ಮೊದಲ ಮಳೆಗಾಲದಲ್ಲಿ ಚಿಕ್ಕಮ್ಮ ಕೆಲವು ಹಾಳೆ ಹರಿದು ಬೀಜದ ಪೊಟ್ಟಣ ಕಟ್ಟಿದರು. ಅವರನ್ನು ದೂರಲಾರೆ, ಅವರು ಕಟ್ಟಿದ ಸೌತೆಬೀಜವಾದರೂ ಮೊಳೆಯಿತು. ಎರಡನೆಯ ಮಳೆಗಾಲ ಕಳೆದು ನಾನು ಹೋಗಿ ನೋಡಿದಾಗ ರಟ್ಟುಗಳೆಲ್ಲ ನೆಟ್ಟಗೆ ನಿಂತಿದ್ದವು. ಬದುಕಿದೆಯಾ ಬಡಜೀವವೇ ಎಂದುಕೊಂಡು ಒಂದನ್ನು ಎತ್ತಿದರೆ ಹಗುರ. ಬಿಡಿಸಿದರೆ ಒಳಗೆ ಹಾಳೆಯೇ ಇಲ್ಲ, ಒದ್ದೆ ಮಣ್ಣಿನ ಗೂಡು. ವರಲೆ ರಟ್ಟು ಬಿಟ್ಟು ಮಾತನ್ನಷ್ಟೇ ತಿಂದಿತ್ತು.

ಹಳೆಯ ಮೈಸೂರಿನ ಕಾಗದಪತ್ರ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿದೆ, ಅದಕ್ಕೇಕೆ ಇಷ್ಟು ಸಂಕಟ ಎಂದು ಗೆಳೆಯರು ಸಮಾಧಾನ ಹೇಳುತ್ತಾರೆ. ಸರಿ, ಅಚ್ಚಾದದ್ದು ಎಲ್ಲಾದರೂ ಸಿಕ್ಕೀತು. ಆದರೆ ಬೆಂಗಳೂರಿನ ಪ್ರತಿಯ ಅಂಚು ಖಾಲಿ. ಸಭೆಯ ಮಾತಿಗೆ ರಿಪ್ಪನ್‌ಪೇಟೆಯ ಜಗಲಿಯಲ್ಲಿ ಕೂತು ಒಬ್ಬ ಗೇಣಿ ಮನೆಯ ಯಜಮಾನ ಕೇಳಿದ ಎದುರು ಮಾತು ಇದ್ದದ್ದು ಒಂದೇ ಪ್ರತಿಯಲ್ಲಿ.

ಪೆಟ್ಟಿಗೆ ಈಗಲೂ ಇದೆ. ತಮ್ಮ ಅದರಲ್ಲಿ ಪಹಣಿ, ಆಧಾರ್ ಜೆರಾಕ್ಸು, ಅಡಿಕೆ ಮಂಡಿಯ ಚೀಟಿ ಇಟ್ಟುಕೊಂಡಿದ್ದಾನೆ. ಕಳೆದ ದೀಪಾವಳಿಗೆ ಹೋದಾಗ ತಳದವರೆಗೆ ಕೈಯಾಡಿಸಿದೆ. ಮೂಲೆಯಲ್ಲಿ ಒಂದು ತುಂಡು ಬಜೆ ಸಿಕ್ಕಿತು. ಮೂಸಿ ನೋಡಿದೆ, ವಾಸನೆ ಇನ್ನೂ ಇತ್ತು.