ಟಿಪ್ಪಣಿ ತಿರುಗಿ ಬಾರದು
ಸೋದರಿಯರೇ, ಕುಂದಾ ತಿಂದು ನೋಡಿ, ಸಕ್ಕರೆ ಯಾವಾಗ ಹಾಕಿದರೆಂದು ಹೇಳಬಲ್ಲಿರಾ? ಬೆಳಗಾವಿಯಲ್ಲಿ ನನ್ನ ಮಗಳ ಈಗಿನ ಕೆಲಸ ಅಂಥದೇ. ಸಿದ್ಧವಾದ ಕಂಪ್ಯೂಟರ್ ಪ್ರೋಗ್ರಾಮನ್ನು ಬಿಚ್ಚಿ, ಬರೆದ ಕ್ರಮವನ್ನು ಊಹಿಸಿ ತೋರಿಸುವ ಸಾಧನಕ್ಕೆ ಡಿಕಂಪೈಲರ್ ಅನ್ನುತ್ತಾರೆ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಇಂಥದೊಂದನ್ನು ‘ಗೀಡ್ರಾ’ದಲ್ಲಿ ಪುಕ್ಕಟೆ ಕೊಟ್ಟಿತು. ಹೊಸದೊಂದು ಎಲ್ಲರ ಕೈಸೇರುವ ಮೊದಲೇ ಬಳಸಿ, ತಪ್ಪು ಹುಡುಕುವುದು ಬೀಟಾ ಪರೀಕ್ಷೆ. ಮಗಳು ತಾನೇ ಬರೆದ ಪ್ರೋಗ್ರಾಮು ಕೊಟ್ಟು, ಹೊರಬಂದದ್ದನ್ನು ಮೂಲದೊಂದಿಗೆ ತಾಳೆ ನೋಡ್ತಾಳೆ. ಲೆಕ್ಕದ ಹಂತಗಳು ಬರುತ್ತವೆ. ಪಕ್ಕದಲ್ಲಿ ಬರೆದಿಟ್ಟ ಟಿಪ್ಪಣಿ ಬರೋದಿಲ್ಲ. ಯಂತ್ರದ ಭಾಷೆಗೆ ತಿರುಗಿಸುವಾಗಲೇ ಅದು ಉದುರಿಹೋಗಿರುತ್ತದೆ.

“ಯಾಕ ಹಿಂಗ ಮಾಡಿದೆ ಅನ್ನೋದು ಸಿಗೂದಿಲ್ಲವ್ವಾ” ಅಂದಳು.

ಆ ಮಾತು ನಾಟಿತು. ಖಾನಾಪುರದ ಅತ್ತೆಯವರಿಗೆ ಮರೆವು ಹೆಚ್ಚುತ್ತಿದೆ. ಅವರ ಉಪ್ಪಿನಕಾಯಿಯ ರುಚಿ ನಮಗೆ ಗೊತ್ತು, ಕಾರಣ ಅವರಿಗಷ್ಟೇ ಗೊತ್ತು. ನೋಟ್‌ಬುಕ್ ಹಿಡಿದು ಅವರ ಮುಂದೆ ಹೋಗಿ ಕೂತೆ. ನೀವೂ ತಡಮಾಡಬೇಡಿ, ಬರೆದಿಟ್ಟುಕೊಳ್ಳಿ.