ತಗಡಿನ ಗಾಳ, ಕೊರವ ಮೀನು: ಕೆಲವು ಟಿಪ್ಪಣಿಗಳು

1
ಆರು ಮೂಲೆಯ ಸಣ್ಣ ಉಕ್ಕಿನ ತಗಡು. ಅದರ ಹಿಂದೆ ಸೀಸದ ತಲೆ. ತಲೆಯಿಂದ ಹೊರಟ ಒಂದೇ ಕೊಕ್ಕೆ. ಕೊಕ್ಕೆಯ ಸುತ್ತ ಸಿಲಿಕಾನ್ ಎಳೆಗಳ ಕುಚ್ಚು. ಕುಚ್ಚಿನ ಹಿಂದೆ ಮೆತ್ತನೆಯ ಪ್ಲಾಸ್ಟಿಕ್ ಬಾಲ. ಎಲ್ಲ ಸೇರಿ ಹತ್ತು ಹದಿನಾಲ್ಕು ಗ್ರಾಂ ತೂಗುತ್ತದೆ. ದಾರ ಕಟ್ಟುವುದು ತಗಡಿಗೆ.

2
ಹಿರಿಯೂರಿನ ಆಚೆ, ವಾಣಿವಿಲಾಸ ಸಾಗರದ ಹಿನ್ನೀರಿನ ದಡಕ್ಕೆ ಭಾನುವಾರ ಬೈಕುಗಳು ಬರುತ್ತವೆ. ಬೆನ್ನಿಗೆ ರಾಡು, ಸೊಂಟಕ್ಕೆ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ರಬ್ಬರ್ ಕಪ್ಪೆ, ಚಮಚದಾಕಾರದ ತಗಡು, ಈ ಆರು ಮೂಲೆಯ ತಗಡು. ಹುಡುಗರು ಇದನ್ನು ಚಟರ್‌ಬೇಟ್ ಎನ್ನುತ್ತಾರೆ.

3
ರೀಲು ಸುತ್ತಿದಾಗ ನೀರು ತಗಡನ್ನು ಒಂದು ಪಕ್ಕಕ್ಕೆ ತಳ್ಳುತ್ತದೆ. ತಗಡು ಸೀಸದ ತಲೆಗೆ ಬಡಿದು ಇನ್ನೊಂದು ಪಕ್ಕಕ್ಕೆ ಬರುತ್ತದೆ. ಮತ್ತೆ ತಳ್ಳು, ಮತ್ತೆ ಬಡಿತ. ರಾಡಿನ ತುದಿ ನಡುಗುತ್ತದೆ. ನಡುಕ ನಿಂತರೆ ಮೂರು ಅರ್ಥ: ಕಳೆ ಸಿಕ್ಕಿದೆ, ದಾರ ಸಡಿಲಾಗಿದೆ, ಅಥವಾ ಮೀನು ಹಿಡಿದಿದೆ.

4
ಇದು ಕಪ್ಪೆಯಂತೆ ಇಲ್ಲ. ಸಿಗಡಿಯಂತೆ ಇಲ್ಲ. ಸಣ್ಣ ಮೀನಿನಂತೆಯೂ ಇಲ್ಲ.

5
ದಡದಲ್ಲಿ ಬಲೆ ಬಿಡಿಸುತ್ತಿದ್ದ ಮುದುಕರೊಬ್ಬರು ತಗಡನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದರು.
‘ಇದ್ರಾಗೆ ತಿನ್ನಾಕೆ ಏನೈತೆ ತಮ್ಮ?’
‘ಏನೂ ಇಲ್ಲ ಅಜ್ಜ. ಅಲ್ಲಾಡುತ್ತೆ, ಅಷ್ಟೆ.’
‘ಹಂಗಾರೆ ಹಸಿವಿಗೆ ಕಡಿಯಲ್ಲ ಬಿಡು. ಸಿಟ್ಟಿಗೆ ಕಡೀತದೆ.’

6
ಮೀನಿನ ಮೈಯ ಎರಡೂ ಪಕ್ಕದಲ್ಲಿ ಕಿವಿರಿನಿಂದ ಬಾಲದವರೆಗೆ ಒಂದು ಗೆರೆ ಇದೆ. ಗೆರೆಯ ಉದ್ದಕ್ಕೂ ಸಣ್ಣ ರಂಧ್ರಗಳು. ಒಳಗೆ ಕೂದಲಿನಂಥ ಜೀವಕೋಶಗಳು. ನೀರಿನ ಅಲುಗಾಟ ಇವುಗಳಿಗೆ ತಿಳಿಯುತ್ತದೆ. ಕಲಕಿದ ನೀರಿನಲ್ಲಿ, ಕತ್ತಲಿನಲ್ಲಿ, ಕಳೆಯ ನಡುವೆ ಮೀನು ಸುತ್ತಲಿನದನ್ನು ಹೀಗೆ ತಿಳಿದುಕೊಳ್ಳುತ್ತದೆ. ತಗಡು ಮಾತಾಡುವುದು ಈ ಗೆರೆಯೊಡನೆ.

7
ಮಳೆಯ ನಂತರ, ಈ ಹಿನ್ನೀರಿಗೆ ಬರುವ ವೇದಾವತಿ ಹೊಳೆಯ ನೀರು ಕೆಂಪಾಗುತ್ತದೆ. ಮುಳುಗಿಸಿದ ಕೈ ಮೊಣಕೈಯಿಂದಾಚೆ ಕಾಣುವುದಿಲ್ಲ. ತಗಡು ಹಾಕುವವರು ಈ ನೀರಿಗೇ ಕಾಯುತ್ತಾರೆ.

8
ತಗಡು ಹುಟ್ಟಿದ್ದು ಅಮೆರಿಕದ ಸೌತ್ ಕೆರೊಲಿನಾದಲ್ಲಿ. ಮಾಡಿದವರು ರಾನ್ ಡೇವಿಸ್. 2006ರಲ್ಲಿ ಫ್ಲೋರಿಡಾದ ಒಕೀಚೋಬಿ ಸರೋವರದ ಸ್ಪರ್ಧೆಯೊಂದನ್ನು ಬ್ರಯಾನ್ ಥ್ರಿಫ್ಟ್ ಇದರಿಂದ ಗೆದ್ದರು. ಆಮೇಲೆ ಎಲ್ಲರಿಗೂ ಬೇಕಾಯಿತು. ಅದೇ ರಾಜ್ಯದ ಝಡ್-ಮ್ಯಾನ್ ಎಂಬ ಕಂಪನಿ ಅದನ್ನು ಕೊಂಡು ತಯಾರಿಸತೊಡಗಿತು.

9
ಅಲ್ಲಿ ಅದನ್ನು ಮಾಡಿದ್ದು ಲಾರ್ಜ್‌ಮೌತ್ ಬಾಸ್ ಎಂಬ ಮೀನಿಗೆ. ಹಸಿರು ಮೈ, ಪಕ್ಕದಲ್ಲಿ ಕಪ್ಪು ಪಟ್ಟೆ, ಕಣ್ಣಿನ ಹಿಂದಿನವರೆಗೆ ಸೀಳಿದ ಬಾಯಿ. ಬಾಯಿ ಒಮ್ಮೆಲೇ ತೆರೆದು ನೀರಿನೊಡನೆ ಬೇಟೆಯನ್ನು ಒಳಗೆ ಎಳೆದುಕೊಳ್ಳುತ್ತದೆ.

10
ವಾಣಿವಿಲಾಸ ಸಾಗರದಲ್ಲಿ ಬಾಸ್ ಇಲ್ಲ. ಹೊಸದುರ್ಗದ ಮಡುಗಳಲ್ಲಿ, ಹೊಳಲ್ಕೆರೆಯ ಕೆರೆಗಳಲ್ಲಿ, ಚಿತ್ರದುರ್ಗದ ಹೊಂಡಗಳಲ್ಲಿ ಇಲ್ಲ. ಇಲ್ಲಿ ತಗಡಿಗೆ ಬರುವುದು ಕೊರವ. ಅದರ ದೊಡ್ಡಣ್ಣ ಹೂಮುರಲು.

11
ಕೊರವದ ತಲೆ ಚಪ್ಪಟೆ. ತಲೆಯ ಮೇಲೆ ದೊಡ್ಡ ಹುರುಪೆ, ಹಾವಿನದರಂತೆ. ಬೆನ್ನಿನ ಈಜುರೆಕ್ಕೆ ಕುತ್ತಿಗೆಯಿಂದ ಬಾಲದ ತನಕ. ದವಡೆ ಗಟ್ಟಿ ಮೂಳೆ. ಒಳಗೆ ಹಲ್ಲು.

12
ಬಾಸ್ ಹಿಡಿದವರು ಕೆಳತುಟಿಯನ್ನು ಹೆಬ್ಬೆರಳಿನಿಂದ ಒತ್ತಿ ಎತ್ತುತ್ತಾರೆ. ಮೀನು ಸುಮ್ಮನಾಗುತ್ತದೆ. ಅದರ ಹಲ್ಲು ಮರಳುಕಾಗದದಷ್ಟೇ ಒರಟು. ವಿಡಿಯೊ ನೋಡಿ ಕಲಿತವರು ಕೊರವವನ್ನೂ ಹಾಗೆ ಎತ್ತಲು ಹೋಗುತ್ತಾರೆ. ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಬರುತ್ತಾರೆ.

13
ಕೊರವ ಗಾಳಿ ಕುಡಿಯುತ್ತದೆ. ಕಿವಿರು ಇದ್ದೂ ಅದಕ್ಕೆ ಸಾಲದು. ಕಿವಿರಿನ ಮೇಲೆ ಇನ್ನೊಂದು ಗೂಡು ಇದೆ. ಮೇಲೆ ಬಂದು ಬಾಯಿ ತೆರೆದು ಗಾಳಿ ತುಂಬಿಕೊಳ್ಳುತ್ತದೆ. ಬಲೆಗೆ ಸಿಕ್ಕಿ ನೀರಿನಡಿ ಉಳಿದರೆ ಉಸಿರು ಕಟ್ಟಿ ಸಾಯುತ್ತದೆ.

14
ಸಂತೆಯಲ್ಲಿ ಕಾಟ್ಲಾ ಐಸಿನ ಮೇಲೆ ಮಲಗಿರುತ್ತದೆ. ಕೊರವ ಟಬ್ಬಿನಲ್ಲಿ, ಗೇಣು ನೀರಿನಲ್ಲಿ, ಜೀವಂತ. ಸತ್ತ ಕೊರವವನ್ನು ಕೊಳ್ಳುವವರು ಬೆಲೆ ಇಳಿಸುತ್ತಾರೆ.

15
ಮೃಗಶಿರ ಮಳೆ ಹುಟ್ಟುವ ದಿನ ಹೈದರಾಬಾದಿನಲ್ಲಿ ಉಬ್ಬಸದವರಿಗೆ ಕೊರವದ ಮರಿಯ ಬಾಯಿಗೆ ಔಷಧಿ ಇಟ್ಟು ಜೀವಂತ ನುಂಗಿಸುತ್ತಾರೆ. ನಮ್ಮ ಕಡೆಯಿಂದಲೂ ಹೋಗುವವರಿದ್ದಾರೆ. ಉಸಿರಾಟಕ್ಕೆ ಮೇಲೆ ಬರುವ ಮೀನು, ಉಸಿರಾಡಲಾಗದ ಮನುಷ್ಯ.

16
ಮಲೇಷ್ಯಾದಲ್ಲಿ ಆಪರೇಷನ್ ಆದವರಿಗೆ ಕೊರವದ ಸಾರು ಕೊಡುವ ರೂಢಿ. ಗಾಯ ಬೇಗ ಮಾಯುತ್ತದೆಂದು.

17
ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಸಿದ್ಧವಾಯಿತು. ಅದರಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವಿದೆ. ಮೀನಿನ ಜಾತಿಗಳು, ಅವು ಇರುವ ನೀರು, ಅವಕ್ಕೆ ಹಾಕುವ ತಿನಿಸು, ದಾರ, ಕೋಲು, ಕೊಕ್ಕೆ. ಮೀನು ಹಿಡಿಯುವ ಮೊದಲು ದಿನಗಟ್ಟಲೆ ತಿನಿಸು ಹಾಕಿ ಪಳಗಿಸುವ ಕ್ರಮ. ತಿನ್ನಲು ಏನೂ ಇಲ್ಲದ ಗಾಳವನ್ನು ದೊರೆ ನೋಡಿದ್ದರೆ ಯಾವ ಅಧ್ಯಾಯಕ್ಕೆ ಸೇರಿಸುತ್ತಿದ್ದನೋ.

18
ಚಿತ್ರದುರ್ಗದ ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನವಿದೆ. ಕೆರೆಯ ಕೆಲಸ ಮಾಡಿಸಿದ್ದು ಅದರ ವಿಷಯ. ಜೊತೆಗೆ ಗೆದ್ದ ರಾಜ್ಯಗಳ ಪಟ್ಟಿ. ಕೆರೆಯ ಮೀನಿನ ಮಾತಿಲ್ಲ. ಕೆರೆ ಈಗಲೂ ಇದೆ.

19
ಚಿತ್ರದುರ್ಗದ ಕೋಟೆಯೊಳಗೆ ಅಕ್ಕ ತಂಗಿ ಹೊಂಡ, ಗೋಪಾಲಸ್ವಾಮಿ ಹೊಂಡ. ಬಂಡೆಯ ಮೇಲೆ ಬಿದ್ದ ಮಳೆಯೇ ಅವುಗಳ ನೀರು. ಯಾವ ಹೊಳೆಯೂ ಅಲ್ಲಿಗೆ ಹತ್ತುವುದಿಲ್ಲ. ಆದರೂ ನೀರು ಇದ್ದಲ್ಲಿ ಹೆಚ್ಚಾಗಿ ಮೀನೂ ಇರುತ್ತದೆ.

20
ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರ. ಗುಡಿಯ ಬಳಿ ಒಂದು ಕೊಳ. ಭಕ್ತರು ದಂಡೆಯಲ್ಲಿ ಕೂತು ಬೇಡಿಕೊಳ್ಳುತ್ತಾರೆ. ನೀರಿನಿಂದ ಬಾಳೆಹಣ್ಣು, ಹೂವು, ಅಡಿಕೆ ಮೇಲೆ ಬಂದರೆ ಪ್ರಸಾದ. ಏನು ಮೇಲೆ ಬರುತ್ತದೋ ಎಂದು ನೀರನ್ನೇ ನೋಡುತ್ತಾ ಕೂರುವವರು ಇಲ್ಲೂ ಇದ್ದಾರೆ.

21
ವಾಣಿವಿಲಾಸ ಸಾಗರವನ್ನು ಊರಿನವರು ಮಾರಿಕಣಿವೆ ಎನ್ನುತ್ತಾರೆ. ಕೆಲಸ ಶುರುವಾದದ್ದು 1898. ಮುಗಿದದ್ದು 1907. ಹೆಸರು ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರದು. ನೀರು ತುಂಬಿದರೆ 30 ಟಿಎಂಸಿ. ಮಟ್ಟ ಅಳೆಯುವುದು ಇಂದಿಗೂ ಅಡಿಗಳಲ್ಲಿ. ತುಂಬಿದ ಮಟ್ಟ 130 ಅಡಿ.

22
ಕೋಡಿ ಬಿದ್ದ ವರ್ಷಗಳು: 1933. 2022. 2025.

23
1933ರ ಕೋಡಿ ಕಂಡವರು 2022ರಲ್ಲಿ ಎಷ್ಟು ಜನ ಉಳಿದಿದ್ದರೋ. ನಡುವೆ 89 ವರ್ಷ. 2022ರ ಕೋಡಿಯ ದಿನಗಳಲ್ಲಿ ಜನ ಟ್ರ್ಯಾಕ್ಟರಿನಲ್ಲಿ, ಆಟೊದಲ್ಲಿ, ಮಕ್ಕಳನ್ನು ಹೆಗಲ ಮೇಲೆ ಹೊತ್ತು ನೀರು ನೋಡಲು ಬಂದರು. ಹಿನ್ನೀರಿನ ಕಡೆ, ಹೊಸದುರ್ಗ ತಾಲ್ಲೂಕಿನಲ್ಲಿ, ತೋಟಗಳು ನೀರಿನಲ್ಲಿ ನಿಂತವು. ಒಂದೇ ನೀರು.

24
ಬರಗಾಲದಲ್ಲಿ ಬರಿದಾದ ತಳದಲ್ಲಿ ಬೆಳೆದ ಜಾಲಿ ಈಗ ನೀರಿನೊಳಗಿದೆ. ತಗಡು ಅಲ್ಲಿ ಸಿಕ್ಕಿ ದಾರ ಹರಿಯುತ್ತದೆ. ಬಲೆಯೂ ಹರಿಯುತ್ತದೆ. ಕೊರವ ಅಲ್ಲಿಯೇ ಇರುತ್ತದೆ.

25
ಭದ್ರಾ ಮೇಲ್ದಂಡೆ ಯೋಜನೆಯ ನೀರು ಅಜ್ಜಂಪುರದ ಕಡೆಯಿಂದ ವೇದಾವತಿಗೆ ಸೇರಿ ಇಲ್ಲಿಗೆ ಬರುತ್ತದೆ. ಭದ್ರೆ ಪಶ್ಚಿಮ ಘಟ್ಟದ ಹೊಳೆ. ಈಗ ಜಲಾಶಯದ ಒಂದು ಲೋಟ ನೀರಿನಲ್ಲಿ ಯಾವುದು ವೇದಾವತಿ, ಯಾವುದು ಭದ್ರೆ ಎಂದು ಹೇಳುವಂತಿಲ್ಲ.

26
ಕಾಟ್ಲಾ, ರೋಹು, ಮೃಗಾಲ್: ಗಂಗೆಯ ಬಯಲಿನ ಮೀನುಗಳು. ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. 1957ರ ಜುಲೈ 10ರಂದು ಕಟಕ್‌ನಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆ ಜಾತಿಯ ಮೀನಿನಿಂದ ಮೊಟ್ಟೆ ಇಡಿಸಿದರು. ಈಗ ಬಿತ್ತನೆ ಮರಿ ಪ್ಲಾಸ್ಟಿಕ್ ಚೀಲದಲ್ಲಿ, ಆಮ್ಲಜನಕ ತುಂಬಿ, ಲಾರಿಯಲ್ಲಿ ಕೆರೆಯಿಂದ ಕೆರೆಗೆ ಹೋಗುತ್ತದೆ. ದೇಶ ಜುಲೈ 10ನ್ನು ಮೀನು ಕೃಷಿಕರ ದಿನವೆಂದು ಆಚರಿಸುತ್ತದೆ.

27
ಕಾಟ್ಲಾ ತಗಡನ್ನು ಕಡಿಯುವುದಿಲ್ಲ. ಅದು ನೀರು ಸೋಸಿ ತಿನ್ನುವ ಮೀನು. ಅದಕ್ಕೆ ಹಿಟ್ಟಿನ ಉಂಡೆ.

28
ಜಿಲೇಬಿ ಮೀನು ಆಫ್ರಿಕಾದ್ದು. 1952ರಲ್ಲಿ ಭಾರತಕ್ಕೆ ಬಂತು. ಸೊಳ್ಳೆ ಮರಿ ತಿನ್ನಲೆಂದು ಬಾವಿ, ತೊಟ್ಟಿಗಳಿಗೆ ಬಿಡುವ ಗ್ಯಾಂಬೂಸಿಯ ಅಮೆರಿಕದ್ದು. 1928ರಲ್ಲಿ ಇಟಲಿಯಿಂದ ಬೆಂಗಳೂರಿಗೆ ಬಂತು. ತನ್ನ ನಾಡಿನಲ್ಲಿ ಬಾಸ್ ತಿನ್ನುವ ಮೀನುಗಳಲ್ಲಿ ಅದೂ ಒಂದು. ಬಾಸ್‌ನ ತಿನಿಸು ನಮ್ಮ ಬಾವಿಗಳಿಗೆ ಬಂತು. ಬಾಸ್‌ನ ಗಾಳ ನಮ್ಮ ಕೆರೆಗೆ ಬಂತು.

29
ಹೊಳಲ್ಕೆರೆ ಕಡೆ ಅಡಿಕೆ ತೋಟಗಳ ನಡುವೆ ಕೃಷಿ ಹೊಂಡಗಳು. ಹೊಂಡದ ತಳಕ್ಕೆ ಪ್ಲಾಸ್ಟಿಕ್ ಹಾಳೆ, ನೀರು ಇಂಗದಂತೆ. ಕೆರೆ ಒಣಗಿದಾಗ ಕೊರವ ಕೆಸರಿನೊಳಗೆ ಹೂತುಕೊಂಡು ಮಳೆ ಬರುವ ತನಕ ಉಳಿಯುತ್ತದೆ. ಪ್ಲಾಸ್ಟಿಕ್ ಹಾಳೆಯಲ್ಲಿ ಹೂತುಕೊಳ್ಳಲು ಕೆಸರಿಲ್ಲ.

30
ಒಣಗಿದ ಕೆರೆಯ ಹೂಳು ತೆಗೆಯುವಾಗ ಮಣ್ಣಿನ ಹೆಂಟೆಯೊಳಗಿಂದ ಜೀವಂತ ಕೊರವ ಹೊರಬೀಳುತ್ತದೆ. ಜೆಸಿಬಿ ನಿಲ್ಲುತ್ತದೆ. ಎಲ್ಲರೂ ಇಳಿಯುತ್ತಾರೆ.

31
ಬಾಸ್‌ನ ದಾಖಲೆ ತೂಕ ಎರಡು ಹೆಸರಲ್ಲಿದೆ. 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ. ಎರಡೂ ಹತ್ತು ಕಿಲೊ ದಾಟಿದವು. ವ್ಯತ್ಯಾಸ ಒಂದು ಔನ್ಸಿಗಿಂತ ಕಡಿಮೆ. ನಿಯಮದ ಪ್ರಕಾರ ಅಷ್ಟು ಸಾಲದು. ಸಮ ಎಂದು ಬರೆದರು.

32
ಬಾಸ್ ಜಪಾನಿಗೆ ಹೋದದ್ದು 1925ರಲ್ಲಿ. ಕುರಿತಾ ಕೊಕ್ಕೆಗೆ ಸಿಕ್ಕಿಸಿದ್ದು ಜೀವಂತ ಬ್ಲೂಗಿಲ್. ಬ್ಲೂಗಿಲ್ ಜಪಾನಿಗೆ ಹೋದದ್ದು 1960ರಲ್ಲಿ. ಷಿಕಾಗೊ ನಗರದ ಮೇಯರ್ ಯುವರಾಜ ಅಕಿಹಿತೊ ಅವರಿಗೆ ಉಡುಗೊರೆ ಕೊಟ್ಟ ಮೀನು. 2007ರಲ್ಲಿ, ಚಕ್ರವರ್ತಿಯಾದ ಮೇಲೆ, ಬಿವಾ ಸರೋವರದ ದಡದಲ್ಲಿ ಅಕಿಹಿತೊ ಅದಕ್ಕಾಗಿ ನೋವು ತೋಡಿಕೊಂಡರು. ಬ್ಲೂಗಿಲ್ ಅಲ್ಲಿನ ಸ್ಥಳೀಯ ಮೀನುಗಳನ್ನು ತಿಂದು ಹೆಚ್ಚಿತ್ತು.

33
ಕೊರವದ ಕುಲವೂ ಊರು ಬಿಟ್ಟಿದೆ. 2002ರಲ್ಲಿ ಅಮೆರಿಕದ ಮೇರಿಲ್ಯಾಂಡಿನ ಕ್ರಾಫ್ಟನ್ ಎಂಬಲ್ಲಿ, ಅಂಗಡಿ ಸಾಲಿನ ಹಿಂದಿನ ಕೊಳದಲ್ಲಿ, ಚೀನಾ ಕಡೆಯ ಕೊರವ ಸಿಕ್ಕಿತು. ಒಬ್ಬರು ಕಾಯಿಲೆಯ ತಂಗಿಗೆ ಸಾರು ಮಾಡಲೆಂದು ನ್ಯೂಯಾರ್ಕಿನಿಂದ ಎರಡು ಜೀವಂತ ಮೀನು ತರಿಸಿದ್ದರು. ಅಷ್ಟರಲ್ಲಿ ತಂಗಿ ಗುಣವಾದಳು. ಮೀನನ್ನು ಕೊಳಕ್ಕೆ ಬಿಟ್ಟರು. ಅಧಿಕಾರಿಗಳು ಕೊಳಕ್ಕೆ ವಿಷ ಹಾಕಿದರು. ಸಾವಿರಕ್ಕೂ ಹೆಚ್ಚು ಮರಿ ಸತ್ತು ತೇಲಿದವು.

34
ಫ್ಲೋರಿಡಾದ ಬ್ರೋವರ್ಡ್ ಕೌಂಟಿಯಲ್ಲಿ 2000ದಲ್ಲಿ ನಮ್ಮ ಹೂಮುರಲಿನ ಹತ್ತಿರದ ಬಳಗ ಸಿಕ್ಕಿತು. ಈಗ ಕಾಲುವೆಗಳಲ್ಲಿ ಹರಡಿದೆ. ತಗಡಿಗೆ ಹೆಸರು ತಂದ ಒಕೀಚೋಬಿ ಇರುವುದೂ ಫ್ಲೋರಿಡಾದಲ್ಲೇ. ಅಲ್ಲಿ ಬಾಸ್‌ಗೆ ಗಾಳ ಹಾಕಿದವರ ರಾಡು ಒಮ್ಮೊಮ್ಮೆ ಬಾಗುವುದು ಈ ಮೀನಿಗೆ.

35
ಬಾಸ್ ಗಂಡು ತಳದಲ್ಲಿ ಗುಂಡಿ ಮಾಡಿ ಮೊಟ್ಟೆ ಕಾಯುತ್ತದೆ. ಮರಿ ಹೊರಬಂದ ಮೇಲೂ ಕಾಯುತ್ತದೆ. ಹತ್ತಿರ ಬಂದದ್ದನ್ನು ಕಡಿಯುತ್ತದೆ, ಹಸಿವಿಲ್ಲದಿದ್ದರೂ.

36
ಕೊರವವೂ ಹಾಗೆ. ಮಳೆಗಾಲದಲ್ಲಿ ಕಳೆಯ ನಡುವೆ ಜಾಗ ಮಾಡಿ ಮೊಟ್ಟೆ ಇಡುತ್ತದೆ. ಮೊಟ್ಟೆ ತೇಲುತ್ತದೆ. ಕೊರವದ ಮರಿಗಳು ಕೆಂಪು, ಗುಂಪಾಗಿ ಮೇಲೆ ಬಂದು ಒಟ್ಟಿಗೆ ಗಾಳಿ ಕುಡಿಯುತ್ತವೆ. ಆಗ ನೀರಿನ ಮೇಲೆ ಅಂಗೈಯಗಲ ಜಾಗ ಕುದಿದಂತೆ ಕಾಣುತ್ತದೆ. ಕೆಳಗೆ ದೊಡ್ಡ ಮೀನು, ಹಲವೊಮ್ಮೆ ಜೋಡಿ.

37
ಕುದಿಯುವ ಜಾಗದ ಮೇಲಿಂದ ತಗಡು ಹಾಯಿಸಿದರೆ ದೊಡ್ಡ ಮೀನು ಕಡಿಯುತ್ತದೆ. ಇದು ಹೆಚ್ಚುಕಡಿಮೆ ಖಚಿತ. ಮುದುಕರು ಹೇಳಿದ ಸಿಟ್ಟು ಇದೇ.

38
ದೊಡ್ಡದು ಹೋದ ಮೇಲೆ ಮರಿಗಳ ಗುಂಪು ಚದುರುತ್ತದೆ. ಜಿಲೇಬಿ, ಗೆಂಡೆ, ಬೆಳ್ಳಕ್ಕಿ, ನೀರುಕಾಗೆ, ಬೇರೆ ಕೊರವ ಬರುತ್ತವೆ.

39
ದಡದ ಹುಡುಗರಲ್ಲಿ ಕೆಲವರು ಕೆಂಪು ಮರಿ ಕಂಡರೆ ರೀಲು ಸುತ್ತಿಕೊಂಡು ಮುಂದಕ್ಕೆ ನಡೆಯುತ್ತಾರೆ. ಕೆಲವರು ಅದನ್ನೇ ಹುಡುಕುತ್ತಾರೆ. ಇಬ್ಬರ ಪೆಟ್ಟಿಗೆಯಲ್ಲೂ ಒಂದೇ ತಗಡು.

40
ಕೆರೆಯ ಮೀನಿನ ಹಕ್ಕು ಗುತ್ತಿಗೆಯದು. ಬಲೆಯವರು ಹಣ ಕಟ್ಟಿರುತ್ತಾರೆ. ಹಿಂದಿನ ದಿನ ಸಂಜೆ ಹೋಗಿ ಅವರನ್ನು ಕೇಳಿ ಬರುವ ಗಾಳದವರೂ ಇದ್ದಾರೆ. ಎಲ್ಲಿ ಮರಿ ಇದೆ ಎಂದು ಬಲೆಯವರೇ ತೋರಿಸಿ, ಆ ಕಡೆ ಹಾಕಬ್ಯಾಡ್ರಿ ಎನ್ನುತ್ತಾರೆ.

41
ಬಿವಾ ಸರೋವರವಿರುವ ಶಿಗಾ ಪ್ರಾಂತ್ಯದಲ್ಲಿ 2003ರಿಂದ ಹಿಡಿದ ಬಾಸ್‌ನ್ನು ಮತ್ತೆ ನೀರಿಗೆ ಬಿಡುವಂತಿಲ್ಲ. ಮೇರಿಲ್ಯಾಂಡಿನಲ್ಲಿ ಕೊರವ ಸಿಕ್ಕರೆ ಕೊಲ್ಲಿ ಎಂದು ಅಧಿಕಾರಿಗಳು ಹೇಳುತ್ತಾರೆ. ಅಮೆರಿಕದ ಬಾಸ್ ಸ್ಪರ್ಧೆಗಳಲ್ಲಿ ಮೀನನ್ನು ತೂಗಿ, ಜೀವಂತ, ನೀರಿಗೆ ಬಿಡುತ್ತಾರೆ. ತನ್ನ ನೀರಿನಲ್ಲಿ ಇರುವ ಮೀನಿಗೆ ಒಂದು ನಿಯಮ, ಬೇರೆಯವರ ನೀರಿನಲ್ಲಿ ಇರುವ ಮೀನಿಗೆ ಇನ್ನೊಂದು.

42
ವೇದಾವತಿಯಲ್ಲಿ ಕೊರವ ತನ್ನ ನೀರಿನಲ್ಲಿದೆ. ಜಲಾಶಯ ಕಟ್ಟುವ ಮೊದಲೂ ಇತ್ತು. ಬರ ಬಂದು ತಳ ಕಂಡಾಗಲೂ ಇತ್ತು. ಕಾಟ್ಲಾ ಮುಗಿದರೆ ಲಾರಿಯಲ್ಲಿ ಮರಿ ತರಬೇಕು. ಕೊರವಕ್ಕೆ ಲಾರಿ ಬೇಡ. ಮರಿ ಕಾಯುವ ಜೋಡಿಯನ್ನು ಮಳೆಗಾಲ ಮುಗಿಯುವ ತನಕ ಬಿಟ್ಟರೆ ಸಾಕು.