ಹುಡುಗನನ್ನು ಯಾವ ತರಗತಿಗೆ ಸೇರಿಸುವುದು?

ಕಳೆದ ಚೈತ್ರಮಾಸದಲ್ಲಿ ನಮ್ಮ ಮಗನು ಉದ್ಯೋಗನಿಮಿತ್ತವಾಗಿ ಹೆಂಡತಿ ಮಕ್ಕಳೊಡನೆ ಆಸ್ಟ್ರೇಲಿಯಾ ಖಂಡದ ಮೆಲ್ಬರ್ನ್ ನಗರಕ್ಕೆ ಹೊರಟುಹೋದನು. ಹೋದ ಎರಡನೆಯ ವಾರದಲ್ಲಿ ಒಂದು ಸಂಜೆ, ಕೃಷ್ಣರಾಜನಗರದ ನಮ್ಮ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ, ದೂರವಾಣಿಯಲ್ಲಿ ನಮ್ಮನ್ನು ಕರೆದು ಒಂದು ಪ್ರಶ್ನೆಯನ್ನು ಮುಂದಿಟ್ಟನು. ಅಲ್ಲಿ ಆಗಲೇ ರಾತ್ರಿ ಹನ್ನೊಂದು ಗಂಟೆ. ಆ ಹೊತ್ತಿನವರೆಗೂ ಗಂಡಹೆಂಡಿರು ಎಚ್ಚರವಾಗಿದ್ದು ಚರ್ಚಿಸುತ್ತಿದ್ದರೆಂದ ಮೇಲೆ ವಿಷಯವು ಸಾಮಾನ್ಯವಾದುದಲ್ಲವೆಂದು ತಿಳಿದೆವು.

ವಿಷಯವಿಷ್ಟೆ. ಮೊಮ್ಮಗನಿಗೆ ಹದಿನಾಲ್ಕೂವರೆ ವರ್ಷ. ಮೈಸೂರಿನಲ್ಲಿ ಒಂಬತ್ತನೆಯ ತರಗತಿಯನ್ನು ಮುಗಿಸಿಕೊಂಡು ಹೋದವನು. ನಮ್ಮಲ್ಲಿ ಶಾಲೆಯ ವರ್ಷವು ಜೂನ್ ತಿಂಗಳಿಗೆ ಮೊದಲಾಗುವುದಷ್ಟೆ. ಅಲ್ಲಿ ಜನವರಿಯ ಕೊನೆಗೆ ಮೊದಲಾಗಿ ಡಿಸೆಂಬರಿಗೆ ಮುಗಿಯುವುದು. ಆದಕಾರಣ ಇವರು ಹೋಗಿ ಇಳಿಯುವ ವೇಳೆಗೆ ಅಲ್ಲಿಯ ನಾಲ್ಕು ಅವಧಿಗಳಲ್ಲಿ ಒಂದು ಕಳೆದೇ ಹೋಗಿತ್ತು. ಹುಡುಗನ ವಯಸ್ಸನ್ನು ನೋಡಿದ ಶಾಲೆಯವರು ಒಂಬತ್ತನೆಯ ವರ್ಷಕ್ಕೇ ಸೇರಿಸಿಕೊಳ್ಳುವೆವೆಂದರು. ಬಹಳ ಒತ್ತಾಯಿಸಿದರೆ ಹತ್ತನೆಯದನ್ನೂ ಆಲೋಚಿಸುವೆವೆಂದರು. ನಮ್ಮ ಸೊಸೆಯ ಮಾತು, ‘ಓದಿದ್ದನ್ನೇ ಓದಿಸಿ ಒಂದು ವರ್ಷ ಹಾಳುಮಾಡಬೇಕೆ?’ ಎಂದು. ಮಗನ ಭಯ, ಹತ್ತನೆಯದಕ್ಕೆ ನಡುವೆ ನುಗ್ಗಿಸಿದರೆ, ಆ ನಾಡಿನಲ್ಲಿ ಹನ್ನೊಂದು ಹನ್ನೆರಡನೆಯ ವರ್ಷಗಳ ದೊಡ್ಡ ಪ್ರಮಾಣಪತ್ರದ ವ್ಯಾಸಂಗವು ಒಂದು ವರ್ಷ ತುಂಬುವ ಮೊದಲೇ ತಲೆಯ ಮೇಲೆ ಬಂದು ಕೂರುವುದೆಂದು. ‘ನೀವು ಜೀವಮಾನವೆಲ್ಲ ಮೇಷ್ಟರಾಗಿದ್ದವರು, ಹೇಳಿ’ ಎಂದನು.

ಒಂದು ವಾರ ಅವಕಾಶ ಕೇಳಿದೆವು. ಉತ್ತರವು ಹೊಳೆಯಲಿಲ್ಲವೆಂದಲ್ಲ, ಇಂತಹುದೇ ಪ್ರಶ್ನೆಗೆ ಹಿಂದೆ ಒಮ್ಮೆ ನಾವು ಕೊಟ್ಟ ತಪ್ಪುತ್ತರವೊಂದು ಅಡ್ಡ ಬಂದು ನಿಂತಿತು. ಅದನ್ನು ಮುಂದೆ ಅರಿಕೆ ಮಾಡುವೆವು. ಬೈಲಕುಪ್ಪೆಯಲ್ಲಿ ನಮ್ಮ ಹಳೆಯ ಸ್ನೇಹಿತರೊಬ್ಬರಿರುವರು. ಟಿಬೆಟ್ ದೇಶದ ಮಕ್ಕಳಿಗೆ ಬಹುಕಾಲ ಪಾಠ ಹೇಳಿದವರು. ಅವರನ್ನು ಕಂಡುಬರೋಣವೆಂದು ಮಾರನೆಯ ದಿನವೇ ಹೊರಟೆವು.

ಕೃಷ್ಣರಾಜನಗರವೇ ಒಂದರ್ಥದಲ್ಲಿ ವಲಸೆ ಬಂದ ಊರು. ಕಾವೇರಿಯ ಪ್ರವಾಹದಿಂದ ಬೇಸತ್ತ ಎಡತೊರೆಯ ಜನರಿಗಾಗಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ ಹೊಸ ಪಟ್ಟಣವಿದು. ಹುಣಸೂರಿನಲ್ಲಿ ಬಸ್ಸು ಬದಲಾಯಿಸಿ ಲಕ್ಷ್ಮಣತೀರ್ಥವನ್ನು ನೋಡಿದರೆ, ನದಿಯೆನ್ನಲು ಸಂಕೋಚವಾಗುವಷ್ಟು ನೀರು. ಅಲ್ಲಿಂದ ಪಿರಿಯಾಪಟ್ಟಣದವರೆಗೂ ದಾರಿಯ ಎರಡು ಕಡೆಗಳಲ್ಲಿ ಹೊಗೆಸೊಪ್ಪಿನ ಸಸಿಮಡಿಗಳು, ಸೊಪ್ಪು ಹದಮಾಡುವ ಎತ್ತರವಾದ ಮನೆಗಳು. ಕೆಲಸದ ಕಾಲ ಬಂದಿತೆಂದರೆ ಇಲ್ಲಿಯ ದೊಡ್ಡ ಮಕ್ಕಳ ಹಾಜರಿ ಏನಾಗುವುದೆಂಬುದನ್ನು ಈ ಸೀಮೆಯ ಉಪಾಧ್ಯಾಯರಿಗೆ ಯಾರೂ ಹೇಳಬೇಕಾಗಿಲ್ಲ.

ಬೈಲಕುಪ್ಪೆಯ ಕಥೆಯನ್ನು ವಾಚಕರಲ್ಲಿ ಅನೇಕರು ಬಲ್ಲರು. 1959ರಲ್ಲಿ ದಲೈಲಾಮಾ ಅವರು ಸ್ವದೇಶವನ್ನು ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸಹಸ್ರಾರು ಜನ ಹಿಮಾಲಯವನ್ನು ದಾಟಿದರು. ಆಗಿನ ಮೈಸೂರು ರಾಜ್ಯ ಸರ್ಕಾರವು ಪಿರಿಯಾಪಟ್ಟಣದ ಸೀಮೆಯಲ್ಲಿ ಸುಮಾರು 3000 ಎಕರೆ ಕಾಡುಭೂಮಿಯನ್ನು ಕೊಡಲಾಗಿ, 1960ರಲ್ಲಿ ಮೊದಲನೆಯ ವಸತಿಯೂ 1969ರಲ್ಲಿ ಎರಡನೆಯದೂ ಹುಟ್ಟಿದವು. ಹುಣಸೂರು ತಾಲ್ಲೂಕಿನ ಗುರುಪುರದ ವಸತಿಯು 1972ರದು. ಹಿಮದ ನಾಡಿನಿಂದ ಬಂದವರು ಆನೆ ತಿರುಗುವ ಕಾಡಿನಲ್ಲಿ ಮರ ಕಡಿದು ಜೋಳ ಬಿತ್ತಿದರು. ಇಂದು ಅಲ್ಲಿಗೆ ಬರುವ ಯಾತ್ರಿಕರು ನಾಮ್‌ಡ್ರೋಲಿಂಗ್ ಮಠದ ಬಂಗಾರದ ಬುದ್ಧಮೂರ್ತಿಗಳನ್ನು ನೋಡಿ ತೃಪ್ತರಾಗಿ ಹಿಂದಿರುಗುವರು. ಬೇಡವೆನ್ನುವುದಿಲ್ಲ. ಆದರೆ ನಮಗೆ ನೋಡಬೇಕಾಗಿದ್ದುದು ಶಾಲೆಯ ಹಾಜರಿಪುಸ್ತಕದ ಕಥೆ. 1961ರಲ್ಲಿಯೇ ಭಾರತ ಸರ್ಕಾರವು ಈ ಮಕ್ಕಳಿಗಾಗಿ ಪ್ರತ್ಯೇಕ ಶಾಲಾ ಆಡಳಿತವೊಂದನ್ನು ಏರ್ಪಡಿಸಿತು. ಇಂದು ಆ ಶಾಲೆಗಳು ಟಿಬೆಟಿನವರ ಕೈಯಲ್ಲಿಯೇ ಇವೆ.

ಸ್ನೇಹಿತರು ಬೆಣ್ಣೆ ಹಾಕಿದ ಉಪ್ಪುಚಹವನ್ನು ಕೊಡಿಸಿದರು. (ಅದನ್ನು ಚಹವೆಂದುಕೊಂಡು ಕುಡಿದರೆ ಕಷ್ಟ, ಸಾರೆಂದುಕೊಂಡರೆ ರುಚಿ.) ನಮ್ಮ ಪ್ರಶ್ನೆಯನ್ನು ಕೇಳಿ ನಕ್ಕರು. ‘ನಿಮ್ಮ ಮೊಮ್ಮಗನಿಗೆ ವಯಸ್ಸಾದರೂ ಗೊತ್ತಿದೆ. ನಮ್ಮಲ್ಲಿಗೆ ಬಂದ ಹುಡುಗರನ್ನು ವಯಸ್ಸೆಷ್ಟೆಂದು ಕೇಳಿದರೆ ಹದಿನಾಲ್ಕು ಎನ್ನುವರು. ಅವರ ಹಳೆಯ ಪದ್ಧತಿಯಲ್ಲಿ ಹುಟ್ಟಿದಾಗಲೇ ಒಂದು ವರ್ಷ. ಆಮೇಲೆ ಲೋಸಾರ್ ಎಂಬ ಹೊಸವರ್ಷದ ಹಬ್ಬ ಬಂದಾಗಲೆಲ್ಲ ಊರಿಗೆ ಊರೇ ಒಂದು ವರ್ಷ ದೊಡ್ಡದಾಗುವುದು. ಹಬ್ಬದ ಹಿಂದಿನ ವಾರ ಹುಟ್ಟಿದ ಕೂಸು ಹಬ್ಬ ಕಳೆಯುತ್ತಲೇ ಎರಡು ವರ್ಷದ್ದು! ಹಾಗಾಗಿ ಹದಿನಾಲ್ಕೆಂದರೆ ಹದಿಮೂರೂ ಆಗಬಹುದು, ಹನ್ನೆರಡು ತುಂಬಿದವನೂ ಆಗಬಹುದು’ ಎಂದರು. ನಾವೂ ನಕ್ಕೆವು, ಆದರೆ ನಮ್ಮವರು ತಲೆಯ ಮೇಲಿನಿಂದ ಕೈ ಹಾಯಿಸಿ ಆಚೆಯ ಕಿವಿಯನ್ನು ಮುಟ್ಟಿಸಿ ಒಂದನೆಯ ತರಗತಿಗೆ ಸೇರಿಸುತ್ತಿದ್ದುದೂ, ಜೂನ್ ಒಂದನೆಯ ತಾರೀಕನ್ನು ಹುಟ್ಟುಹಬ್ಬವಾಗಿ ಬರೆದುಕೊಂಡುದೂ ನೆನಪಾಗಿ ನಗುವು ಅಲ್ಲಿಗೇ ನಿಂತಿತು. ಮೇಷ್ಟರ ಕೃಪೆಯಿಂದ ಆ ದಿನವೇ ಹುಟ್ಟಿದವರು ಈ ನಾಲ್ಕು ತಾಲ್ಲೂಕುಗಳಲ್ಲಿ ಎಷ್ಟು ಮಂದಿಯೋ!

ಪ್ರಮಾಣಪತ್ರವಿಲ್ಲದೆ, ನೇಪಾಳದ ಮೂಲಕ ನಡೆದು ಬಂದ ಹದಿಮೂರು ಹದಿನೈದು ವರ್ಷದ ಹುಡುಗರನ್ನು ಎಲ್ಲಿ ಕೂರಿಸುವುದು? ಇಂಗ್ಲಿಷಿನಲ್ಲಿ ಅಕ್ಷರವೂ ಬಾರದು. ಲೆಕ್ಕದಲ್ಲಿ ಕೆಲವರು ಚತುರರು. ಓದಿಗೆ ತಕ್ಕ ತರಗತಿಯೆಂದರೆ ಎರಡನೆಯದೋ ಮೂರನೆಯದೋ. ‘ಟಿಬೆಟಿಯನ್ ಮಕ್ಕಳ ಗ್ರಾಮ’ವೆಂಬ ಸಂಸ್ಥೆಯವರು ಇದಕ್ಕೆ ಕಂಡುಕೊಂಡ ಉಪಾಯವನ್ನು ಸ್ನೇಹಿತರು ವಿವರಿಸಿದರು. ಅಂತಹವರಿಗೆ ‘ಅವಕಾಶದ ತರಗತಿ’ಗಳೆಂದು ಬೇರೆಯೇ ಇಟ್ಟರು. ಅಲ್ಲಿ ಕೂರುವವರೆಲ್ಲ ಹೆಚ್ಚುಕಡಮೆ ಒಂದೇ ಪ್ರಾಯದವರು, ಒಂದೇ ದಾರಿಯಲ್ಲಿ ನಡೆದು ಬಂದವರು. ಭಾಷೆಯನ್ನೂ ಲೆಕ್ಕವನ್ನೂ ತೀವ್ರವಾಗಿ ಕಲಿಸಿ, ಸಿದ್ಧನಾದವನನ್ನು ಮುಂದಿನ ತರಗತಿಗಳಿಗೆ ಹಾಯಿಸುವುದು. ‘ಮೂರನೆಯ ತರಗತಿಯ ಪಾಠವನ್ನು ಹೇಳಬಹುದು, ಮೂರನೆಯ ತರಗತಿಯ ಬೆಂಚಿನಲ್ಲಿ ಮಾತ್ರ ಕೂರಿಸಬಾರದು’ ಎಂದು ಸ್ನೇಹಿತರು ಚಹದ ಬಟ್ಟಲನ್ನು ಕೆಳಗಿಟ್ಟರು. 2008ರಿಂದೀಚೆಗೆ ಹಿಮಾಲಯವನ್ನು ದಾಟಿ ಬರುವವರು ತೀರ ವಿರಳರಾಗಿದ್ದಾರೆ.

ಸಂಜೆ ಸೆರಾ ಮಠದ ಅಂಗಳದಲ್ಲಿ ಭಿಕ್ಷುಗಳ ವಾದಕೂಟವನ್ನು ನೋಡಿದೆವು. ಒಬ್ಬನು ನಿಂತು ಕೈಚಪ್ಪಾಳೆ ತಟ್ಟಿ ಪೂರ್ವಪಕ್ಷವನ್ನೆಸೆಯುವನು. ಕುಳಿತವನು ಉತ್ತರ ಹೇಳಬೇಕು. ಮೀಸೆ ಮೂಡದವನೂ ನಲವತ್ತರವನೂ ಒಂದೇ ಗ್ರಂಥದ ಮೇಲೆ ವಾದಿಸುವರು. ಅಲ್ಲಿ ತರಗತಿಯೆಂದರೆ ಗ್ರಂಥವೇ ಹೊರತು ವಯಸ್ಸಲ್ಲ. ನಾವು ಮೈಸೂರಿನ ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿ ಓದುವಾಗಲೂ ಹೀಗೆಯೇ ಇದ್ದಿತು. ಪ್ರಥಮಾ, ಕಾವ್ಯ, ಸಾಹಿತ್ಯ, ವಿದ್ವತ್ ಎಂದು ಮೆಟ್ಟಿಲುಗಳು. ನಮ್ಮ ಪಕ್ಕದಲ್ಲಿ ಕುಳಿತು ಕಾವ್ಯಪಾಠ ಮಾಡಿದವರೊಬ್ಬರಿಗೆ ಮನೆಯಲ್ಲಿ ಮೂರು ಮಕ್ಕಳಿದ್ದುವು. ಯಾರಿಗೂ ಅವಮಾನವೆನಿಸಿರಲಿಲ್ಲ, ಏಕೆಂದರೆ ಎಲ್ಲರೂ ಮಿಶ್ರ. ಈ ಸಂಸ್ಕಾರವನ್ನೇ ಹೊತ್ತುಕೊಂಡು ನಾವು ಸರ್ಕಾರಿ ಶಾಲೆಗೆ ಉಪಾಧ್ಯಾಯರಾಗಿ ಹೋದೆವು. ಅನರ್ಥವಾದುದು ಅಲ್ಲಿಯೇ.

ರಾತ್ರಿ ಸ್ನೇಹಿತರ ಮನೆಯಲ್ಲಿಯೇ ತಂಗಿದೆವು. ಬೈಲಕುಪ್ಪೆಯಿಂದ ಮತ್ತೆ ವಲಸೆ ಹೊರಟವರ ಮಾತು ಬಂದಿತು. ಅಮೆರಿಕವು 1990ರ ವಲಸೆ ಕಾಯಿದೆಯಲ್ಲಿ ಟಿಬೆಟಿನವರಿಗೆಂದು 1000 ವೀಸಾಗಳನ್ನಿಟ್ಟ ಮೇಲೆ ಇಲ್ಲಿಂದಲೂ ಸಂಸಾರಗಳು ಹೋದುವು. ಸ್ನೇಹಿತರ ಶಿಷ್ಯನೊಬ್ಬನು ನ್ಯೂಯಾರ್ಕಿಗೆ ಮಗಳನ್ನು ಕರೆದೊಯ್ದಾಗ ಆಕೆಗೆ ಹದಿನಾರು. ಅಲ್ಲಿ ಒಂಬತ್ತರಿಂದ ಹನ್ನೆರಡರವರೆಗಿನ ನಾಲ್ಕು ವರ್ಷದ ಪಾಠಗಳನ್ನು ಒಂದೊಂದಾಗಿ ಲೆಕ್ಕಕ್ಕೆ ಹಿಡಿದು ಕೂಡಿಸುವರು. ತಂದೆಯು ಅಂಕಪಟ್ಟಿಗಳನ್ನು ಪೆಟ್ಟಿಗೆಯ ಸಮೇತ ಇಲ್ಲಿಯೇ ಮರೆತಿದ್ದುದರಿಂದ, ಓದಿದ್ದಕ್ಕೆ ಲೆಕ್ಕ ಸಿಗದೆ ಎರಡು ತಿಂಗಳು ಅಲೆದರು. ಗೃಹಸ್ಥರು ಇದನ್ನು ಗಮನಿಸಬೇಕು. ಉಪ್ಪಿನಕಾಯಿ ಭರಣಿಗಿಂತ ಮೊದಲು ಶಾಲೆಯ ಮೊಹರು ಬಿದ್ದ ಅಂಕಪಟ್ಟಿಯೂ, ಓದಿದ ಪಾಠಗಳ ಪಟ್ಟಿಯೂ ಪೆಟ್ಟಿಗೆಯನ್ನು ಸೇರತಕ್ಕದ್ದು. ಆ ರಾಜ್ಯದಲ್ಲಿ ಇಪ್ಪತ್ತೊಂದು ವರ್ಷದವರೆಗೂ ಶಾಲೆಯ ಬಾಗಿಲು ತೆರೆದಿರುವುದೆಂದು ಕೇಳಿ ನಮಗೆ ಸೊಸೆಯ ‘ಹಾಳಾದ ವರ್ಷ’ವು ನೆನಪಾಯಿತು.

ಮಾರನೆಯ ದಿನ ನೇರವಾಗಿ ಮನೆಗೆ ಬರಲು ಮನಸ್ಸಾಗಲಿಲ್ಲ. ಹುಣಸೂರಿನಿಂದ ಹೆಗ್ಗಡದೇವನಕೋಟೆಯ ಬಸ್ಸನ್ನು ಹತ್ತಿದೆವು. ಮೂವತ್ತು ವರ್ಷಗಳ ಹಿಂದೆ ಆ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ನಾವು ಮುಖ್ಯೋಪಾಧ್ಯಾಯರಾಗಿದ್ದೆವು. ಕಾಡಿನಂಚಿನ ಹಾಡಿಯ ಜೇನುಕುರುಬ ಸಂಸಾರವೊಂದು ಕೊಡಗಿನ ಕಾಫಿತೋಟಗಳಲ್ಲಿ ಹಲವು ವರ್ಷ ಕೂಲಿ ಮಾಡಿ ಹಿಂದಿರುಗಿ, ಹದಿನಾಲ್ಕು ವರ್ಷದ ಹುಡುಗನನ್ನು ಶಾಲೆಗೆ ತಂದಿತು. ಪುಸ್ತಕ ಕೊಟ್ಟು ಓದಿಸಿದೆವು. ಮೂರನೆಯ ತರಗತಿಯಷ್ಟು ಓದಿದನು. ನಮ್ಮ ಪಾಠಶಾಲೆಯ ನ್ಯಾಯದಂತೆ ನಾಲ್ಕನೆಯದಕ್ಕೆ ಹೆಸರು ಬರೆದೆವು. ನ್ಯಾಯವಾಗಿಯೇ ನಡೆದೆವೆಂದು ಆ ರಾತ್ರಿ ಸುಖವಾಗಿ ನಿದ್ರಿಸಿದೆವು. ಹುಡುಗನು ದಸರೆಯ ಹೊತ್ತಿಗೆ ತರಗತಿಗೇ ಮೊದಲಿಗನಾದನು. ರಜೆ ಕಳೆದ ಮೇಲೆ ಬರಲಿಲ್ಲ. ಎರಡು ಬಾರಿ ಹಾಡಿಗೆ ಹೋದೆವು. ಎರಡು ಬಾರಿಯೂ ಅವನು ಕಾಡಿನೊಳಕ್ಕೆ ಹೊರಟುಹೋದನು. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಹಿಂದುಳಿದುದನ್ನು ವಿಶೇಷ ತರಬೇತಿಯಿಂದ ತುಂಬಿಸಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯ ನಾಲ್ಕನೆಯ ಪ್ರಕರಣವು ಹೇಳುವುದು. ಅದು ಜಾರಿಗೆ ಬಂದುದು 2010ರ ಏಪ್ರಿಲ್ 1ರಂದು. ಆ ಹುಡುಗನಿಗೆ ಬಹಳ ತಡವಾಯಿತು.

ಈಗ ಅವನು ಹ್ಯಾಂಡ್‌ಪೋಸ್ಟಿನಿಂದ ಅಂತರಸಂತೆಯ ಕಡೆಗೆ ಜೀಪು ನಡೆಸುತ್ತಾನೆಂದು ಕೇಳಿದ್ದೆವು. ಹುಡುಕಬೇಕಾಗಲಿಲ್ಲ, ಅವನೇ ನಮ್ಮನ್ನು ಗುರುತು ಹಿಡಿದು ಬಂದು ಕೈಚೀಲವನ್ನು ತೆಗೆದುಕೊಂಡನು. ತಲೆಯಲ್ಲಿ ನರೆ ಮೂಡಿದೆ. ಮಗಳು ಆಶ್ರಮಶಾಲೆಯಲ್ಲಿ, ಒಡಹುಟ್ಟಿದವಳ ಮಗನು ಹೊಸಹಳ್ಳಿಯ ಗಿರಿಜನ ಮಕ್ಕಳ ಶಾಲೆಯಲ್ಲಿ ಓದುತ್ತಿರುವರಂತೆ. ಬಹಳ ಹೊತ್ತು ಅದೂ ಇದೂ ಮಾತನಾಡಿ, ಕೊನೆಗೆ ಏಕೆ ಬಿಟ್ಟೆಯಪ್ಪಾ ಎಂದು ಕೇಳಿಯೇಬಿಟ್ಟೆವು.

‘ಪಾಠ ಚೆನ್ನಾಗಿತ್ತು ಮೇಷ್ಟ್ರೆ. ಬೆಳಿಗ್ಗೆ ಪ್ರಾರ್ಥನೆಗೆ ನಿಲ್ಲಿಸ್ತಿದ್ರಲ್ಲ, ನಾಲ್ಕನೇ ಕ್ಲಾಸಿನ ಸಾಲು. ನನ್ನ ಸೊಂಟದ ಹತ್ರ ಎಲ್ಲರ ತಲೆ. ಒಂದಿನ ಯಾರೋ ದೊಡ್ಡೋರು ಶಾಲೆ ನೋಡಕ್ಕೆ ಬಂದು, ಹೋಗಿ ನೀರು ತಾರಪ್ಪ ಅಂದ್ರು. ಶಾಲೇಲಿ ಕೆಲಸದವನು ಅಂದ್ಕೊಂಡ್ರು. ತಂದುಕೊಟ್ಟೆ’ ಎಂದನು.

ನಾವೂ ಅಲ್ಲಿಯೇ ಇದ್ದೆವು. ಆ ನೀರನ್ನು ನಾವೂ ಕುಡಿದಿರಬೇಕು; ನೆನಪಿಲ್ಲ.

ಮೊಮ್ಮಗನ ವಿಷಯವನ್ನು ಹೇಳಿದೆವು. ಎರಡು ತರಗತಿಗಳ ವ್ಯತ್ಯಾಸವನ್ನು ನಾವು ವಿವರಿಸುತ್ತಿರಲಾಗಿ ಅವನು ತಡೆದು, ‘ಅವನಷ್ಟು ಎತ್ತರದೋರು ಯಾವುದರಲ್ಲಿ ಇದಾರೆ?’ ಎಂದು ಕೇಳಿದನು. ನಮ್ಮಲ್ಲಿ ಉತ್ತರವಿರಲಿಲ್ಲ. ದೊಡ್ಡವರು ಮೂವರೂ ಸೇರಿ ಒಂದು ವಾರದಿಂದ ಚರ್ಚಿಸುತ್ತಿದ್ದೆವೇ ಹೊರತು ಹುಡುಗನನ್ನು ಯಾರೂ ಮಾತನಾಡಿಸಿರಲಿಲ್ಲ.

ಮನೆಗೆ ಬಂದ ಮಾರನೆಯ ಮಧ್ಯಾಹ್ನ ಮೊಮ್ಮಗನನ್ನೇ ಕರೆಯಿಸಿ ಕೇಳಿದೆವು. ಶಾಲೆಯನ್ನು ತೋರಿಸಲು ಅವನನ್ನು ಒಮ್ಮೆ ಕರೆದೊಯ್ದಿದ್ದರಂತೆ. ‘ಒಂಬತ್ತನೆಯದರಲ್ಲಿ ನನ್ನಷ್ಟೇ ಇದಾರೆ ತಾತ, ಇಬ್ಬರು ನನಗಿಂತ ಉದ್ದ. ಹತ್ತನೆಯವರಿಗೆ ಗಡ್ಡ ಬಂದಿದೆ’ ಎಂದನು. ಲೆಕ್ಕದ ಪಾಠವನ್ನು ಮಾತ್ರ ಹತ್ತನೆಯವರೊಡನೆ ಕೇಳಲು ಬಿಡುವರೇ ವಿಚಾರಿಸೆಂದು ಮಗನಿಗೆ ಹೇಳಿದೆವು, ವಿಚಾರಿಸಿದನು, ಬಿಟ್ಟರು. ಈಗ ಒಂಬತ್ತನೆಯದರಲ್ಲಿಯೇ ಇದ್ದಾನೆ. ಸೊಸೆಯು ಕಳೆದ ವಾರವೂ ಒಂದು ವರ್ಷದ ಮಾತೆತ್ತಿದಳು. ಅಷ್ಟರಲ್ಲಿ ಹಿಂದಿನಿಂದ, ಗೆಳೆಯರು ಚೆಂಡಾಟಕ್ಕೆ ಕಾದಿರುವರೆಂದು ಹುಡುಗನು ಕೂಗಿ, ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು.